ಡೇಟಾಬೇಸ್ ಬೇರೆ ಮಷಿನ್‌ಗೆ ಹೋಯಿತು, ಬ್ಯಾಕಪ್ ಹಳೆಯದರಲ್ಲೇ ಉಳಿಯಿತು

ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದ ಒಂದು ತೊಗರಿ ಬೇಳೆ ಗಿರಣಿಯಲ್ಲಿ ನಾನು ಲೆಕ್ಕ ನೋಡುವವನು. ಕಂಪ್ಯೂಟರ್ ಕೆಟ್ಟರೂ ನನ್ನನ್ನೇ ಕೂಗುತ್ತಾರೆ. ಕಾಟಾ ಚೀಟಿ, ಚೀಲದ ಸ್ಟಾಕು, ಅಡತಿ ಅಂಗಡಿಯ ಬಾಕಿ, ಜಿಎಸ್‌ಟಿ ಬಿಲ್ಲು ಎಲ್ಲಾ ಒಂದೇ ಸಾಫ್ಟ್‌ವೇರ್‌ನಲ್ಲಿವೆ. ಅದು ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್ ಮೇಲೆ ಓಡುತ್ತದೆ, ಲೆಕ್ಕವೆಲ್ಲ ಕೂಡಿಡುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಎರಡೂ 8 ಜಿಬಿ ರ್‍ಯಾಮಿನ ಒಂದೇ ಮಷಿನ್‌ನಲ್ಲಿ ಇದ್ದವು. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾದರೆ ಮುಗಿಯಿತು. ಕಾಟಾ ಮೇಲೆ ಲಾರಿ ನಿಂತಿರುತ್ತಿತ್ತು, ಪರದೆ ಮೇಲೆ ಚಕ್ರ ತಿರುಗುತ್ತಿತ್ತು.

ಈ ಸಲ ಸೀಜನ್‌ಗೆ ಮುಂಚೆಯೇ ಡೇಟಾಬೇಸನ್ನು 16 ಜಿಬಿಯ ಬೇರೆ ಮಷಿನ್‌ಗೆ ಹಾಕಿಸಿದೆವು. ಮಾಡಿದವರು ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆಯ ಇಬ್ಬರು ಹುಡುಗರು, ಇದು ಅವರ ಕೆಲಸದ ವಿಮರ್ಶೆ. ಅಂಗಡಿ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಕೂಲಿ 18 ಸಾವಿರ, ಮಷಿನ್ ಖರ್ಚು ಬೇರೆ.

ಅಮಾವಾಸ್ಯೆ ದಿನ, ಗಿರಣಿ ಬಂದ್. ಬಂದವರೇ ಹಳೆಯ ಸೆಟ್ಟಿಂಗ್ ಫೈಲುಗಳಿಗೆಲ್ಲ ಆ ದಿನದ ತಾರೀಕು ಹಾಕಿ ಒಂದು ನಕಲು ಇಟ್ಟರು. ಅಲ್ಲೇ ನನಗೆ ಅರ್ಧ ನಂಬಿಕೆ ಬಂತು. ಹೊಸದಾಗಿ ಹಾಕಿದ ಪೋಸ್ಟ್‌ಗ್ರೆಸ್ ತಾನಿರುವ ಮಷಿನ್ ಬಿಟ್ಟು ಹೊರಗಿನ ಯಾರ ಮಾತಿಗೂ ಓಗೊಡುವುದಿಲ್ಲ. ಅದನ್ನು ನೆಟ್‌ವರ್ಕ್‌ಗೆ ತೆರೆಯಬೇಕು, ಆಮೇಲೆ ಯಾವ ಐಪಿ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ವಿಳಾಸ) ಒಳಗೆ ಬರಬಹುದು ಎಂದು ಇನ್ನೊಂದು ಫೈಲಿನಲ್ಲಿ ಬರೆಯಬೇಕು. ಚಿಕ್ಕವನು ಎಲ್ಲರಿಗೂ ತೆರೆದುಬಿಡೋಣ ಅಂದ. ದೊಡ್ಡವನು, "ಏ, ಊರಿಗೆಲ್ಲ ಬಾಗ್ಲಾ ತೆಗೀತಿ ಏನಲೇ? ಒಂದೇ ಐಪಿ ಹಾಕು" ಎಂದು ಗದರಿದ. ಆ ಮಾತಿಗೇ ಒಂದು ಸ್ಟಾರ್ ಜಾಸ್ತಿ ಕೊಡುತ್ತೇನೆ.

ಆದರೆ ಟಾಮ್‌ಕ್ಯಾಟ್ ಇರುವ ಹಳೆಯ ಮಷಿನ್‌ನ ಆ ಒಂದೇ ಐಪಿ ಸಾಲಲಿಲ್ಲ. ತಪ್ಪು ನನ್ನದು. ಎಲ್ಲಾ ಹನ್ನೊಂದು ಕಂಪ್ಯೂಟರ್ ಬ್ರೌಸರ್‌ನಲ್ಲೇ ಓಡುತ್ತವೆ ಎಂದು ಹೇಳಿದ್ದೆ. ಕಾಟಾದ ಪ್ರೋಗ್ರಾಂ ಮಾತ್ರ ಟಾಮ್‌ಕ್ಯಾಟ್ ಕಡೆ ಹೋಗದೆ ನೇರ ಡೇಟಾಬೇಸ್‌ಗೇ ತೂಕ ಬರೆಯುತ್ತದೆ ಅನ್ನೋದು ಮರೆತೇ ಹೋಗಿತ್ತು. ಸಂಜೆ ಖಾಲಿ ಟ್ರ್ಯಾಕ್ಟರ್ ತೂಗಿದಾಗ ಎರರ್ ಬಂತು. ಅದರ ಐಪಿಯೂ ಸೇರಿತು, ಪೋಸ್ಟ್‌ಗ್ರೆಸ್ ಕಿವಿಗೊಡುವ 5432 ಪೋರ್ಟಿಗೆ, ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್‌ನಲ್ಲೂ ದಾರಿ ಆಯಿತು.

ಮೊದಲ ಬೆಳಿಗ್ಗೆ ಸ್ಟಾಕ್ ರಿಪೋರ್ಟ್ ಹಳೆಯದಕ್ಕಿಂತ ನಿಧಾನ! ನನಗೆ ಬೆವರು. ಫೋನಿನಲ್ಲೇ ಅನಲೈಜ್ ಎಂಬ ಒಂದು ಕಮಾಂಡ್ ಓಡಿಸಲು ಹೇಳಿದರು. ಡೇಟಾ ಹೊಸ ಜಾಗಕ್ಕೆ ಬಂದರೂ ಯಾವ ಟೇಬಲ್‌ನಲ್ಲಿ ಎಷ್ಟಿದೆ ಎಂಬ ಅಂದಾಜು ಬಂದಿರಲಿಲ್ಲವಂತೆ. ಆಮೇಲೆ ರಿಪೋರ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಶೇರ್ಡ್ ಬಫರ್ಸ್, ಅಂದರೆ ಡೇಟಾ ಕೈಗೆಟುಕುವಂತೆ ಇಟ್ಟುಕೊಳ್ಳಲು ಪೋಸ್ಟ್‌ಗ್ರೆಸ್‌ಗೆ ಕೊಟ್ಟ ಮೆಮೊರಿ, ಮೊದಲು 128 ಎಂಬಿ ಇತ್ತು, ಈಗ 4 ಜಿಬಿ. ಸೀಜನ್ ಪೂರ್ತಿ ಕಾಟಾ ಒಂದು ಸಲವೂ ನಿಂತಿಲ್ಲ.

ಈಗ ಹೊಟ್ಟೆಯುರಿ. ಬೇಕಾದರೆ ಇರಲಿ ಎಂದು ಹಳೆಯ ಮಷಿನ್‌ನ ಪೋಸ್ಟ್‌ಗ್ರೆಸನ್ನು ಹಾಗೇ ಓಡಲು ಬಿಟ್ಟಿದ್ದರು. ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಕೂಡ ಆ ಮಷಿನ್‌ನಲ್ಲೇ ಇತ್ತು, ಅದರಲ್ಲಿದ್ದ ಡೇಟಾಬೇಸ್ ವಿಳಾಸ ಯಾರೂ ಬದಲಾಯಿಸಲಿಲ್ಲ. ದಿನಾ ರಾತ್ರಿ ಅದು ಸತ್ತ ಡೇಟಾಬೇಸನ್ನೇ ನಿಷ್ಠೆಯಿಂದ ನಕಲು ಮಾಡುತ್ತಿತ್ತು. ಎರರ್ ಇಲ್ಲ, ಫೈಲ್ ಸರಿಯಾಗಿಯೇ ಬರುತ್ತಿತ್ತು. ಹತ್ತನೇ ದಿನ ಪೆನ್‌ಡ್ರೈವ್ ಖಾಲಿ ಮಾಡುವಾಗ ನೋಡಿದೆ: ಒಂಬತ್ತೂ ಫೈಲು 412 ಎಂಬಿ. ಅಷ್ಟು ಲಾರಿ ಬಂದಿವೆ, ಒಂದು ಎಂಬಿಯೂ ಏರಬಾರದಾ? ಆ ಒಂಬತ್ತು ದಿನದಲ್ಲಿ ಹೊಸ ಡಿಸ್ಕ್ ಹೋಗಿದ್ದರೆ ರೈತರ ಪಟ್ಟಿಯನ್ನು ನಾನು ಯಾವ ಬಾಯಿಂದ ಹೇಳಬೇಕಿತ್ತು?

ಕರೆದ ತಕ್ಷಣ ಬಂದರು, ದುಡ್ಡು ಕೇಳಲಿಲ್ಲ. ಹಳೆಯ ಪೋಸ್ಟ್‌ಗ್ರೆಸ್ ನಿಲ್ಲಿಸಿದರು, ವಿಳಾಸ ತಿದ್ದಿದರು, ಹೊಸ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರ್‌ನಲ್ಲಿ ನನ್ನ ಎದುರೇ ತೆರೆದು ನಿನ್ನೆಯ ಕಾಟಾ ಚೀಟಿ ತೋರಿಸಿದರು. ಐದರಲ್ಲಿ ಮೂರೂವರೆ.

ಸೆಟ್ಟಿಂಗ್ ಎಲ್ಲಾ ಒಂದು ಹಾಳೆಯಲ್ಲಿ ಬರೆದುಕೊಡುತ್ತೇವೆ ಅಂದಿದ್ದರು. ಅದು ಇನ್ನೂ ಬಂದಿಲ್ಲ. ಮೊನ್ನೆ ಕೇಳಿದರೆ, "ಶರಣಬಸವೇಶ್ವರ ಜಾತ್ರಿ ಒಳಗ ಕೊಡ್ತೀವ್ರಿ ಸರ" ಅಂದರು.