ಕೆರೆದಂಡೆಯ ಕ್ಯಾಂಪಿಂಗ್ ತಾಣಕ್ಕೆ ಹಣ ಕಟ್ಟುವ ಮೊದಲು ನಿಯಮಗಳ ಹಾಳೆಯನ್ನು ಕೇಳಿ ಪಡೆಯಿರಿ

ಕೆರೆದಂಡೆಯಲ್ಲಿ ಟೆಂಟ್ ಹಾಕಿ ತಂಗಲು ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಡುವವರು, ನೀರಿನ ಮೇಲಿನ ಸೂರ್ಯೋದಯದ ಚಿತ್ರಗಳನ್ನು ನೋಡಿ ಹಣ ಕಟ್ಟುವ ಮೊದಲು, ಆ ತಾಣದ ನಿಯಮಗಳನ್ನು ಬರಹದಲ್ಲಿ ತರಿಸಿಕೊಂಡು ಓದಲೇಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಾವು ಹೋದ ಕಡೆ ಪೂರ್ತಿ ಬಾಡಿಗೆಯನ್ನೂ ಠೇವಣಿಯನ್ನೂ ಪಡೆದಾದ ಮೇಲೆ, ಗೇಟಿನ ಒಳಗೆ ನಿಲ್ಲಿಸಿ, ನಿಯಮಗಳ ಹಾಳೆಗೆ ಸಹಿ ಹಾಕಿಸಿಕೊಂಡರು. ಯಾವ ನಿಯಮ ಮುರಿದರೂ ಠೇವಣಿ ಮರಳುವುದಿಲ್ಲ ಎಂಬ ಸಾಲು ಅದರ ಕೊನೆಯಲ್ಲಿತ್ತು. ಒಪ್ಪಿಗೆಯಿಲ್ಲದಿದ್ದರೆ ಹಿಂತಿರುಗಬಹುದು, ಆದರೆ ಕಟ್ಟಿದ ಹಣ ಸಿಗುವುದಿಲ್ಲ ಎಂದರು.

ಕಟ್ಟುನಿಟ್ಟಿನ ಬಗ್ಗೆಯೇ ನನಗೆ ಆಕ್ಷೇಪವಿಲ್ಲ. ರಾತ್ರಿ ಹತ್ತರ ನಂತರ ಗದ್ದಲ ಕೂಡದು ಎನ್ನುವುದು ಸರಿಯೇ. ಪಾತ್ರೆಗಳನ್ನು ಕೆರೆಯಲ್ಲಿ ತೊಳೆಯದೆ, ನೀರಿನಿಂದ ಸುಮಾರು 60 ಮೀಟರ್ ದೂರದಲ್ಲಿ ತೊಳೆಯಬೇಕೆಂಬುದೂ ಸರಿ. ಗಿಡಮೂಲಿಕೆಯದೆಂದು ಮಾರುವ ಸಾಬೂನು ಕೂಡ ಜಲಚರಗಳಿಗೆ ಹಾನಿ ಮಾಡಬಲ್ಲದು. ಹೊರಗಿನ ಸೌದೆ ತರಬಾರದೆಂಬ ನಿಯಮ ಹಲವರಿಗೆ ಸೌದೆ ಮಾರುವ ಉಪಾಯದಂತೆ ಕಂಡೀತು, ಆದರೆ ತೊಗಟೆಯ ಅಡಿಯಲ್ಲಿ ಅಡಗಿರುವ ಕೊರೆಹುಳುಗಳು ಸೌದೆಯ ಜೊತೆಗೇ ಹೊಸ ಕಾಡಿಗೆ ಹೋಗುತ್ತವೆ. 2002ರಲ್ಲಿ ಉತ್ತರ ಅಮೆರಿಕದಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಜೀರುಂಡೆ ಅಲ್ಲಿನ ಆಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿದ್ದು, ಅದು ದೂರದ ಊರುಗಳಿಗೆ ಹಬ್ಬಲು ಇಂಥ ಸೌದೆ ಸಾಗಣೆ ದೊಡ್ಡ ಕಾರಣವಾಯಿತು. ಇಂಥ ನಿಯಮಗಳನ್ನು ನಾವು ಸಂತೋಷದಿಂದಲೇ ಪಾಲಿಸಿದೆವು.

ಆದರೆ ಜೀವಕ್ಕೆ ಸಂಬಂಧಿಸಿದ ವಿಷಯ ಬಂದಾಗ ಆ ಸಿಬ್ಬಂದಿಗೆ ಏನೂ ತಿಳಿದಿರಲಿಲ್ಲ, ತಿಳಿಯುವ ಆಸಕ್ತಿಯೂ ಇರಲಿಲ್ಲ. ಸಂಜೆ ಮಳೆ ಹನಿಯತೊಡಗಿದಾಗ, ಉರಿಯುವ ಇದ್ದಿಲ ಒಲೆಯನ್ನು ಬಯಲಿನಲ್ಲಿ ಬಿಡಬಾರದು, ಟೆಂಟಿನೊಳಗೆ ಇಟ್ಟುಕೊಳ್ಳಿ ಎಂದು ಒಬ್ಬರು ಗದರಿಸಿದರು. ಇದ್ದಿಲು ಉರಿಯುವಾಗ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ, ಮಲಗಿದವರು ತಲೆನೋವನ್ನಾಗಲಿ ವಾಕರಿಕೆಯನ್ನಾಗಲಿ ಅರಿಯದೆ ನಿದ್ದೆಯಲ್ಲಿಯೇ ಸಾಯಬಹುದು. ಜ್ವಾಲೆ ಆರಿ ಕೆಂಡ ಮಾತ್ರ ಉಳಿದಾಗಲೂ ಈ ಅನಿಲ ಬರುತ್ತಲೇ ಇರುತ್ತದೆ. ನನ್ನ ಹೆಂಡತಿ ಒಲೆಗೆ ನೀರು ಸುರಿದು ಅದನ್ನು ಹೊರಗೇ ಬಿಟ್ಟರು, ಅದಕ್ಕೂ ನಮ್ಮ ಹೆಸರಿನಲ್ಲಿ ಒಂದು ಉಲ್ಲಂಘನೆ ದಾಖಲಾಯಿತು. ಯಾರೇ ಗದರಲಿ, ಠೇವಣಿ ಹೋದರೂ ಹೋಗಲಿ, ಉರಿಯುವುದನ್ನು ಯಾವುದನ್ನೂ ದಯವಿಟ್ಟು ಟೆಂಟಿನೊಳಗೆ ತರಬೇಡಿ.

ನಮಗೆ ಕೊಟ್ಟಿದ್ದು ನೀರಿಗೆ ತೀರ ಹತ್ತಿರದ ತಗ್ಗು ಜಾಗ. ತಣ್ಣನೆಯ ಗಾಳಿ ಭಾರವಾದ್ದರಿಂದ ರಾತ್ರಿ ಇಳಿಜಾರಿನಿಂದ ಜಾರಿ ತಗ್ಗಿನಲ್ಲಿ ತಂಗುತ್ತದೆ. ಕೆರೆಯ ತೇವವೂ ಸೇರಿ ಟೆಂಟಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲಿನ ಜಾಗಗಳು ಖಾಲಿಯಿದ್ದರೂ, ಚೀಟಿಯಲ್ಲಿ ಬರೆದ ಸಂಖ್ಯೆಯನ್ನು ಬದಲಿಸುವಂತಿಲ್ಲ ಎಂದರು. ನಡುರಾತ್ರಿ ಅತ್ತೆಯವರಿಗೆ ಉಬ್ಬಸ ಶುರುವಾಯಿತು. ಇನ್ಹೇಲರ್‌ನಿಂದ ಆರಾಮವಾಗದಿದ್ದಾಗ ಆಸ್ಪತ್ರೆಗೆ ಹೊರಟರೆ, ಬೆಳಿಗ್ಗೆ ಆರರವರೆಗೆ ವಾಹನ ಹೊರಡಿಸುವಂತಿಲ್ಲವೆಂದು ಗೇಟಿಗೆ ಬೀಗ ಜಡಿದಿತ್ತು. ಕಾವಲುಗಾರನ ಬಳಿ ಕೀಲಿಯಿರಲಿಲ್ಲ. ಆ ಬಡಪಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಕೀಲಿಯಿದ್ದ ವ್ಯವಸ್ಥಾಪಕರು ಬೇರೆಲ್ಲೋ ಮಲಗಿದ್ದರು, ಫೋನ್ ಎತ್ತಲಿಲ್ಲ. ಬಹಳ ಹೊತ್ತಿನ ಬಳಿಕ ಬಂದವರು, ಉಸಿರಿಗಾಗಿ ಒದ್ದಾಡುತ್ತಿದ್ದ ಹಿರಿಯರನ್ನು ಕಣ್ಣಾರೆ ಕಂಡೂ, ಮೊದಲು ಕೇಳಿದ್ದು ನಿಷಿದ್ಧ ಸಮಯದಲ್ಲಿ ಎಂಜಿನ್ ಚಾಲೂ ಮಾಡಿದ್ದೇಕೆ ಎಂದು. ಆಸ್ಪತ್ರೆಯಲ್ಲಿ ಅವರು ಚೇತರಿಸಿಕೊಂಡರು, ಆದರೆ ಆ ಕಾಯುವಿಕೆಯನ್ನು ನಾನು ಕ್ಷಮಿಸಲಾರೆ.

ಆದ್ದರಿಂದ ಕಾಯ್ದಿರಿಸುವಾಗಲೇ ಇಷ್ಟನ್ನು ಕೇಳಿ: ರಾತ್ರಿ ಗೇಟಿನ ಕೀಲಿ ಯಾರ ಬಳಿ ಇರುತ್ತದೆ, ಅವರು ತಾಣದೊಳಗೇ ಮಲಗುತ್ತಾರೆಯೇ, ಎತ್ತರದ ಜಾಗ ಸಿಗುತ್ತದೆಯೇ, ಠೇವಣಿಯಿಂದ ಯಾವುದಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪದೆ ಸಂದೇಶದಲ್ಲಿ ತರಿಸಿಕೊಳ್ಳಿ. ಟೆಂಟ್ ಹಾಕುವ ಮೊದಲೂ ಕಿತ್ತ ಮೇಲೂ ಜಾಗದ ಫೋಟೊಗಳನ್ನು ತೆಗೆದಿಡಿ. ನಮ್ಮ ಠೇವಣಿಯನ್ನು ಒಲೆ ಮತ್ತು ಎಂಜಿನ್‌ನ ಉಲ್ಲಂಘನೆಗಳ ಜೊತೆಗೆ ಹುಲ್ಲು ಹಾಳಾಗಿದೆಯೆಂದೂ ಮುಟ್ಟುಗೋಲು ಹಾಕಿಕೊಂಡರು. ಆ ಹುಲ್ಲು ನಾವು ಬರುವ ಮೊದಲೇ ಒಣಗಿತ್ತೆಂದು ತೋರಿಸಿದ ಫೋಟೊದಿಂದಾಗಿ ಅದಕ್ಕೆ ಮುರಿದುಕೊಂಡಿದ್ದ ಹಣವಷ್ಟೇ ನಮಗೆ ಮರಳಿ ಬಂದಿತು.