ಹಳೆಯ ಆಪ್ಟೇನ್ ಮೆಮೊರಿಗೆ ಮೂರು ಡ್ರೈವರ್‌ಗಳು: ನನ್ನ ಮತ ಕೆಮೆಮ್‌ಗೆ

ಆಪ್ಟೇನ್ ಎಂಬ ತನ್ನ ಮೆಮೊರಿ ವ್ಯವಹಾರಕ್ಕೆ ತೆರೆ ಎಳೆಯುವುದಾಗಿ ಇಂಟೆಲ್ 2022ರ ಜುಲೈಯಲ್ಲಿ ಹೇಳಿತು. ಆಮೇಲೆ ಡೇಟಾ ಸೆಂಟರ್‌ಗಳಿಂದ ಕಳಚಿಬಂದ ಆಪ್ಟೇನ್ ಪರ್ಸಿಸ್ಟೆಂಟ್ ಮೆಮೊರಿ (ರ‍್ಯಾಮ್ ಸ್ಲಾಟಿನಲ್ಲೇ ಕೂತು, ವಿದ್ಯುತ್ ಹೋದರೂ ಮಾಹಿತಿ ಉಳಿಸಬಲ್ಲ ಮೆಮೊರಿ) ಮಾಡ್ಯೂಲ್‌ಗಳು ಹಳೆಯ ಸರಕಿನ ಮಾರುಕಟ್ಟೆಗೆ ಇಳಿದವು. ಎರಡನೆಯ ತಲೆಮಾರಿನ ಝಿಯಾನ್ ಸ್ಕೇಲಬಲ್ ಸರ್ವರ್ ಬೋರ್ಡು, 192 ಜಿಬಿ ಡಿಡಿಆರ್4 (ಸಾಮಾನ್ಯ ರ‍್ಯಾಮ್) ನನ್ನಲ್ಲಿ ಮೊದಲೇ ಇದ್ದವು. ಅವುಗಳ ಜೊತೆಗೆ 128 ಜಿಬಿಯ ನಾಲ್ಕು ಮಾಡ್ಯೂಲ್ ಕೊಂಡೆ. ಇಷ್ಟೇ ಸಾಮರ್ಥ್ಯದ ಡಿಡಿಆರ್4 ನನ್ನ ಜೇಬಿಗೆ ನಿಲುಕುವಂಥದ್ದಲ್ಲ. ನನ್ನ ಕೆಲಸ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮಾಹಿತಿಯಿಂದ, ದಾರಿ ಹುಡುಕಿಕೊಡುವ ಓಎಸ್‌ಆರ್‌ಎಂ ತಂತ್ರಾಂಶಕ್ಕೆ ಬೇಕಾದ ರಸ್ತೆಜಾಲ ಕಟ್ಟುವುದು. ದೊಡ್ಡ ಭೂಭಾಗ ಕೊಟ್ಟರೆ ಅದು ಎಷ್ಟು ಮೆಮೊರಿ ಇದ್ದರೂ ನುಂಗುತ್ತದೆ. ಸ್ವಾಪ್‌ಗೆ, ಎಂದರೆ ಡಿಸ್ಕನ್ನೇ ಮೆಮೊರಿಯಾಗಿ ಬಳಸುವ ಸ್ಥಿತಿಗೆ, ಬಿದ್ದರೆ ಮುಗಿಯುವುದೇ ಇಲ್ಲ.

ಲಿನಕ್ಸ್ ಈ ಮೆಮೊರಿಯನ್ನು ಸಾಮಾನ್ಯ ರ‍್ಯಾಮ್ ಜೊತೆ ಬೆರೆಸದೆ ಬೇರೆ ಇಟ್ಟು, ಡೆವ್‌ಡ್ಯಾಕ್ಸ್, ಎಫ್‌ಎಸ್‌ಡ್ಯಾಕ್ಸ್, ಕೆಮೆಮ್ ಎಂಬ ಮೂರರಲ್ಲಿ ಯಾವ ಡ್ರೈವರ್‌ಗೆ ಕೊಡಬೇಕೆಂಬ ತೀರ್ಮಾನವನ್ನು ನಮಗೆ ಬಿಡುತ್ತದೆ. ಬಯೋಸ್‌ನಲ್ಲಿ ‘ಮೆಮೊರಿ ಮೋಡ್’ ಎಂಬ ಇನ್ನೊಂದು ದಾರಿಯೂ ಉಂಟು. ಆದರೆ ಅಲ್ಲಿ ಡಿಡಿಆರ್4 ಬರೀ ಕ್ಯಾಶ್ ಆಗಿ ಲೆಕ್ಕದಿಂದಲೇ ಮಾಯವಾಗುತ್ತದೆ. ದುಡ್ಡು ಕೊಟ್ಟ 192 ಜಿಬಿ ಕಣ್ಣಿಗೆ ಕಾಣದಿರುವುದು ನನಗೆ ಒಗ್ಗಲಿಲ್ಲ.

ಡೆವ್‌ಡ್ಯಾಕ್ಸ್ ನನಗೆ ಬೇಗ ಬೇಸರವಾಯಿತು. ಇಡೀ ಜಾಗ ಒಂದು ಕ್ಯಾರೆಕ್ಟರ್ ಡಿವೈಸ್ ಆಗಿ ಸಿಗುತ್ತದೆ. ಅದರಲ್ಲಿ ಎಂಮ್ಯಾಪ್ (ಜಾಗವನ್ನು ಪ್ರೋಗ್ರಾಂನ ಮೆಮೊರಿಗೆ ನೇರ ಜೋಡಿಸುವುದು) ಮಾತ್ರ ನಡೆಯುತ್ತದೆ. ರೀಡ್ ಇಲ್ಲ, ರೈಟ್ ಇಲ್ಲ. ಎಲ್‌ಎಸ್, ಸಿಪಿ, ಆರ್‌ಸಿಂಕ್ ಎಂಬ ಕಡತದ ಆಜ್ಞೆಗಳಿಗೆ ಒಗ್ಗಿದ ಕೈ ಅಲ್ಲಿ ಕಟ್ಟಿಹೋಗುತ್ತದೆ. ಮ್ಯಾಪಿಂಗ್ 2 ಎಂಬಿ ಗಡಿಗೆ ಸರಿಹೊಂದದಿದ್ದರೆ ದೋಷಸಂಖ್ಯೆಯೊಂದನ್ನು ಎಸೆದು ಸುಮ್ಮನಾಗುತ್ತದೆ. ಕ್ಯೂಇಎಂಯು ವರ್ಚುವಲ್ ಯಂತ್ರಕ್ಕೆ ನೇರವಾಗಿ ಮೆಮೊರಿ ಒಪ್ಪಿಸಲು ಇದಕ್ಕಿಂತ ಚೊಕ್ಕ ದಾರಿ ಇಲ್ಲ, ಆ ಮಾತು ಬೇರೆ.

ಎಫ್‌ಎಸ್‌ಡ್ಯಾಕ್ಸ್ ಬಗ್ಗೆ ನನಗೆ ಗೌರವವಿದೆ. ಮೇಲೆ ಎಕ್ಸ್‌ಎಫ್‌ಎಸ್ ಅಥವಾ ಎಕ್ಸ್ಟ್4 ಕಡತ ವ್ಯವಸ್ಥೆ ಕೂರಿಸಿ, ಡ್ಯಾಕ್ಸ್ ಆಯ್ಕೆಯೊಂದಿಗೆ ಮೌಂಟ್ ಮಾಡಿದರೆ ಪೇಜ್ ಕ್ಯಾಶ್‌ನ (ಕಡತಗಳ ಪ್ರತಿಯನ್ನು ರ‍್ಯಾಮ್‌ನಲ್ಲಿಡುವ ಪದರ) ಮಧ್ಯಸ್ಥಿಕೆಯಿಲ್ಲದೆ ಕಡತವೇ ಮೆಮೊರಿಯಾಗುತ್ತದೆ. ಓಎಸ್‌ಆರ್‌ಎಂ ಸರ್ವರ್‌ಗೆ ಎಂಮ್ಯಾಪ್ ಆಯ್ಕೆ ಇದೆ. ಸಿದ್ಧಪಡಿಸಿದ ರಸ್ತೆಜಾಲವನ್ನು ಈ ಡಿಸ್ಕಿನಲ್ಲಿಟ್ಟರೆ ಯಂತ್ರ ಮರಳಿ ಎದ್ದೊಡನೆ ಸೇವೆಯೂ ಎದ್ದು ನಿಲ್ಲುತ್ತದೆ, ಲೋಡ್ ಆಗುವ ಕಾಯುವಿಕೆಯೇ ಇಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಹಳೆಯದಾದರೆ, ಎಕ್ಸ್‌ಎಫ್‌ಎಸ್ ರಚಿಸುವಾಗ ರಿಫ್ಲಿಂಕ್ (ಕಡತಗಳು ಬ್ಲಾಕು ಹಂಚಿಕೊಳ್ಳುವ ಸೌಲಭ್ಯ) ತೆಗೆಯದಿದ್ದರೆ ಡ್ಯಾಕ್ಸ್ ಮೌಂಟ್ ಆಗುವುದಿಲ್ಲ. ಕಡತದ ಬ್ಲಾಕುಗಳು 2 ಎಂಬಿಗೆ ಸರಿಯಾಗಿ ಕೂರದಿದ್ದರೆ ಕರ್ನಲ್ ಸದ್ದಿಲ್ಲದೆ 4 ಕೆಬಿ ಪುಟಗಳಿಗೆ (ಮೆಮೊರಿ ಹಂಚುವ ಚಿಕ್ಕ ತುಂಡುಗಳು) ಇಳಿಯುತ್ತದೆ. ಇವೆಲ್ಲ ಸಹಿಸಿಕೊಳ್ಳಬಹುದಾದ ಕಿರಿಕಿರಿ. ಆದರೆ ರಸ್ತೆಜಾಲ ಕಟ್ಟುವ ಹಂತಕ್ಕೆ ಬೇಕಾದದ್ದು ಕಡತವಲ್ಲ, ಪ್ರೋಗ್ರಾಂ ಕೇಳಿದಾಗ ಕೊಡುವ ಸಾದಾ ಮೆಮೊರಿ. ಅದನ್ನು ಎಫ್‌ಎಸ್‌ಡ್ಯಾಕ್ಸ್ ತಾನಾಗಿ ಕೊಡುವುದಿಲ್ಲ.

ಕೆಮೆಮ್ ಕೊಡುತ್ತದೆ. 2019ರಲ್ಲಿ ಲಿನಕ್ಸ್ 5.1ರೊಂದಿಗೆ ಬಂದ ಈ ಡ್ರೈವರ್, ಡೆವ್‌ಡ್ಯಾಕ್ಸ್ ಜಾಗವನ್ನು ಆಗಷ್ಟೇ ಜೋಡಿಸಿದ ರ‍್ಯಾಮ್ ಎಂಬಂತೆ ಕರ್ನಲ್‌ಗೆ ಒಪ್ಪಿಸುತ್ತದೆ. ಸಿಪಿಯು ಇಲ್ಲದ ಪ್ರತ್ಯೇಕ ನ್ಯೂಮಾ ನೋಡ್ (ಮೆಮೊರಿಯ ಗುಂಪು) ಒಂದು ಹುಟ್ಟುತ್ತದೆ; ಪ್ರೋಗ್ರಾಂನ ಒಂದು ಸಾಲನ್ನೂ ಮುಟ್ಟಬೇಕಿಲ್ಲ. 5.15ರಿಂದ ತಣ್ಣಗಿನ (ಅಪರೂಪಕ್ಕೆ ಬಳಕೆಯಾಗುವ) ಪುಟಗಳನ್ನು ಈ ನಿಧಾನದ ನೋಡ್‌ಗೆ ಇಳಿಸುವ, 5.18ರಿಂದ ಬಿಸಿ ಪುಟಗಳನ್ನು ಡಿಡಿಆರ್4ಗೆ ಏರಿಸುವ ವ್ಯವಸ್ಥೆ ಕರ್ನಲ್‌ನಲ್ಲೇ ಇದೆ. ಎರಡನ್ನೂ ಚಾಲೂ ಮಾಡಿಟ್ಟಿದ್ದೇನೆ.

ಇನ್ನು ತಲೆನೋವಿನ ಕಥೆ. ಜಾಲ ಕಟ್ಟಿ ಮುಗಿದ ಮೇಲೆ ಆ ಮೆಮೊರಿಯನ್ನು ಕರ್ನಲ್‌ನಿಂದ ಬಿಡಿಸಿ ವರ್ಚುವಲ್ ಯಂತ್ರಕ್ಕೆ ಕೊಡುವುದು ನನ್ನ ರೂಢಿ. ಈ ಜಾಗವನ್ನು ನಿರ್ವಹಿಸುವ ಡ್ಯಾಕ್ಸ್‌ಸಿಟಿಎಲ್ ಆಜ್ಞೆಗೆ ಆಫ್‌ಲೈನ್ ಮಾಡು ಎಂದರೆ, ಹೆಚ್ಚಿನ ಬ್ಲಾಕುಗಳು ಹೊರಬಂದು ಕೆಲವು ಮಾತ್ರ ‘ಬಿಡುವಿಲ್ಲ’ ಎಂದು ಪಟ್ಟು ಹಿಡಿದವು. ಪ್ರೋಗ್ರಾಂ ಮುಗಿದಿತ್ತು, ಆ ನೋಡ್ ಬಹುಪಾಲು ಖಾಲಿಯಿತ್ತು, ಆದರೂ ಇದೇ ಉತ್ತರ. ಕರ್ನಲ್‌ನ ಸ್ಥಿತಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಒಂದೊಂದೇ ಬ್ಲಾಕಿನ ‘ವ್ಯಾಲಿಡ್ ಝೋನ್ಸ್’ ಕಡತ ತೆರೆದಾಗ ಗುಟ್ಟು ರಟ್ಟಾಯಿತು: ‘ಮೂವಬಲ್’ (ಸರಿಸಬಹುದಾದ) ಎಂದಿರಬೇಕಾದ ಕಡೆ ‘ನಾರ್ಮಲ್’ ಎಂದಿತ್ತು.

ನಾರ್ಮಲ್ ವಲಯವೆಂದರೆ ಕರ್ನಲ್ ತನ್ನ ಸ್ವಂತ ಸಾಮಾನನ್ನೂ ಅಲ್ಲಿ ಇಡಬಹುದು: ಸ್ಲ್ಯಾಬ್, ಪೇಜ್ ಟೇಬಲ್, ಇನ್ನೇನೇನೋ. ಇವುಗಳನ್ನು ಎತ್ತಿ ಬೇರೆಡೆ ಇಡಲಾಗದು. ನನ್ನ ಯಂತ್ರದಲ್ಲಿ ಒಂದು ಬ್ಲಾಕ್ 2 ಜಿಬಿ. ಬಸ್ಸಿನ ಸೀಟಿನ ಮೇಲೆ ಕರವಸ್ತ್ರ ಹಾಕಿದಂತೆ, ಅದರಲ್ಲಿ ಕರ್ನಲ್‌ನ ಒಂದೇ ಒಂದು ಪುಟ ಕೂತರೂ ಪೂರ್ತಿ 2 ಜಿಬಿ ಅದರದ್ದೇ. ಬಿಡಿಸಲು ರೀಬೂಟ್ ಒಂದೇ ಮದ್ದು. ಈ ಸರ್ವರ್ ಬೋರ್ಡು ಮೆಮೊರಿಯನ್ನೆಲ್ಲ ತಡವಿ ನೋಡಿ ಏಳುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದು.

ಡ್ಯಾಕ್ಸ್‌ಸಿಟಿಎಲ್ ತಾನಾಗಿ ಮೂವಬಲ್ ವಲಯಕ್ಕೇ ಸೇರಿಸುತ್ತದೆ. ಆದರೆ ನನ್ನ ಲಿನಕ್ಸ್ ವಿತರಣೆಯವರು ಹೊಸ ಮೆಮೊರಿ ಕಂಡಕೂಡಲೇ ತಾನೇ ಆನ್‌ಲೈನ್ ಮಾಡುವ ನಿಯಮ ಇಟ್ಟಿದ್ದರು. ವರ್ಚುವಲ್ ಯಂತ್ರಗಳಿಗೆ ಅನುಕೂಲವಾಗಲೆಂದು ಇಟ್ಟದ್ದು. ಡ್ಯಾಕ್ಸ್‌ಸಿಟಿಎಲ್ ಕೈ ಚಾಚುವ ಮೊದಲೇ ಬ್ಲಾಕುಗಳು ನಾರ್ಮಲ್‌ಗೆ ಸೇರಿಹೋಗಿರುತ್ತಿದ್ದವು. ಹೊಸ ಡ್ಯಾಕ್ಸ್‌ಸಿಟಿಎಲ್ ಆವೃತ್ತಿಗಳು ಇಂಥ ನಿಯಮ ಕಂಡರೆ ಎಚ್ಚರಿಸಿ ನಿಲ್ಲುತ್ತವೆ, ಹಳೆಯವು ಬಾಯಿ ಬಿಡುವುದಿಲ್ಲ. ‘ಆಟೋ ಆನ್‌ಲೈನ್ ಬ್ಲಾಕ್ಸ್’ ಕಡತಕ್ಕೆ ‘ಆಫ್‌ಲೈನ್’ ಎಂದು ಬರೆದು, ಸಾಧನಗಳನ್ನು ಗುರುತಿಸುವ ಯುಡೆವ್‌ನ ಆ ನಿಯಮವನ್ನೂ ತೆಗೆದ ಮೇಲೆ ಬ್ಲಾಕುಗಳು ಹೇಳಿದ ಮಾತು ಕೇಳುತ್ತಿವೆ. ಈ ವಿವರ ಕೈಪಿಡಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿರಬೇಕಿತ್ತು.

ಮೂವಬಲ್ ಮಾಡಿದರೂ ಒಂದು ತೆರಿಗೆ ಉಳಿಯುತ್ತದೆ. ಪ್ರತಿ 4 ಕೆಬಿ ಪುಟಕ್ಕೆ ಕರ್ನಲ್ 64 ಬೈಟಿನ ದಾಖಲೆ ಇಡುತ್ತದೆ. ನನ್ನ ನಾಲ್ಕು ಮಾಡ್ಯೂಲ್‌ಗಳಿಗೆ ಅದು 8 ಜಿಬಿಯ ಹತ್ತಿರ, ಅಷ್ಟೂ ಡಿಡಿಆರ್4ನಿಂದಲೇ ಕಡಿತ. ಎಫ್‌ಎಸ್‌ಡ್ಯಾಕ್ಸ್‌ನಲ್ಲಿ ಈ ದಾಖಲೆಯನ್ನು ಮಾಡ್ಯೂಲಿನಲ್ಲೇ ಇಡಬಹುದು. ಕೆಮೆಮ್‌ಗೆ ಆ ಸೌಲಭ್ಯ ಇತ್ತೀಚಿನ ಕರ್ನಲ್‌ಗಳಲ್ಲಷ್ಟೇ ಬಂದಿದೆ.

ವೇಗದ ವಿಷಯ: ಡಿಡಿಆರ್4 ಓದಿಗೆ ಸುಮಾರು 80 ನ್ಯಾನೊಸೆಕೆಂಡ್ ಸಾಕಾದರೆ ಆಪ್ಟೇನ್ ಯಾದೃಚ್ಛಿಕ ಓದಿಗೆ 300ರ ಆಸುಪಾಸು ತೆಗೆದುಕೊಳ್ಳುತ್ತದೆ. ಚಿಕ್ಕ ಬರಹಗಳಲ್ಲಿ ಇನ್ನೂ ಸೋಲುತ್ತದೆ, ಏಕೆಂದರೆ ಒಳಗೆ ಅದು 256 ಬೈಟಿನ ತುಂಡುಗಳಲ್ಲೇ ಕೆಲಸ ಮಾಡುತ್ತದೆ. ಸ್ವಾಪ್ ನೋಡಿದವನಿಗೆ ಇದು ದೂರಲ್ಲ.

ವಿದ್ಯುತ್ ಹೋದರೂ ಮಾಹಿತಿ ಉಳಿಯಲೇಬೇಕಾದ ಡೇಟಾಬೇಸ್ ನಿಮ್ಮದಾದರೆ ಎಫ್‌ಎಸ್‌ಡ್ಯಾಕ್ಸ್ ಆರಿಸಿ. ಕೆಮೆಮ್ ಅಡಿಯಲ್ಲಿ ಆ ಭರವಸೆ ಇಲ್ಲ. ನಾನಂತೂ ಕೊಟ್ಟ ಹಣಕ್ಕೆ ಗಾತ್ರ ನೋಡುವವನು. ಆದ್ದರಿಂದ ಬಹುಪಾಲು ಜಾಗ ಕೆಮೆಮ್‌ಗೆ, ಸೇವೆಯ ಕಡತಗಳಿಗಾಗಿ ಒಂದು ಚಿಕ್ಕ ಎಫ್‌ಎಸ್‌ಡ್ಯಾಕ್ಸ್ ನೇಮ್‌ಸ್ಪೇಸ್ (ಪಾಲು). ಪಿಸಿಐಇ ಮೂಲಕ ಜೋಡಿಸುವ ಹೊಸ ಬಗೆಯ ಸಿಎಕ್ಸ್‌ಎಲ್ ಮೆಮೊರಿಯೂ ಲಿನಕ್ಸ್‌ನಲ್ಲಿ ಇದೇ ಕೆಮೆಮ್ ಮೂಲಕ ರ‍್ಯಾಮ್ ಆಗುವುದರಿಂದ, ಇಲ್ಲಿ ಕಲಿತ ವಿದ್ಯೆ ಆಪ್ಟೇನ್ ಜೊತೆ ಗುಜರಿಗೆ ಹೋಗುವುದಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಹಣ ಕೊಡುವ ಮುನ್ನ ಮಾಡ್ಯೂಲ್ ಚಾಲೂ ಇರುವ ಯಂತ್ರದಲ್ಲಿ ಎನ್‌ಡಿಸಿಟಿಎಲ್ ಆಜ್ಞೆ ಓಡಿಸಿ, ಎಷ್ಟು ಆಯುಸ್ಸು ಸವೆದಿದೆ, ಭದ್ರತೆಯ ಸ್ಥಿತಿ ಏನು ಎಂದು ನೋಡಿ. ‘ಲಾಕ್ಡ್’ ಎಂದು ತೋರಿಸಿದರೆ ಹಳೆಯ ಮಾಲೀಕರ ಪಾಸ್‌ಫ್ರೇಸ್ ಇಲ್ಲದೆ ಬೀಗ ತೆರೆಯುವುದಿಲ್ಲ. ಮಾರುವವನು ಎಷ್ಟು ಇಳಿಸಿ ಕೊಟ್ಟರೂ ಬೇಡ ಎನ್ನಿ.