ಡೈರಿ, ಚೌಕದ ಪುಸ್ತಕ, ಫೋನು: ಮೂರು ಮಳೆಗೆ ಮೂರು ಲೆಕ್ಕ

ನಮ್ಮ ಇಬ್ಬರು ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ. ಮಗಳಿಗೆ ಹತ್ತು, ಮಗನಿಗೆ ಏಳು. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ, ಪಕ್ಕದಲ್ಲೇ ಅಡಿಕೆ ತೋಟ. ಜೂನ್ ಬಂತೆಂದರೆ ಇಲ್ಲಿ ಮಳೆ ಬಿಟ್ಟರೆ ಬೇರೆ ಮಾತೇ ಇರುವುದಿಲ್ಲ. ಹಾಗಾಗಿ ಈ ಸಲ ಮಳೆಯನ್ನೇ ಪಾಠ ಮಾಡಿಕೊಂಡೆವು.

ದಿನಾ ಮಳೆ ಅಳೆಯಬೇಕು ಅನ್ನೋದು ತೀರ್ಮಾನವಾಯಿತು. ಅದನ್ನು ಎಲ್ಲಿ ಬರೆಯೋದು? ಮಗಳಿಗೆ ಚಿತ್ರ ಬಿಡಿಸುವ ಡೈರಿ ಬೇಕು. ನನಗೆ ಚೌಕದ ಪುಸ್ತಕ ಸರಿ ಅನ್ನಿಸಿತ್ತು. ನಮ್ಮನೆಯವರು, ಫೋನಿನಲ್ಲಿ ಗೂಗಲ್ ಶೀಟ್ ಇದೆಯಲ್ಲ, ಅದರಲ್ಲೇ ಹಾಕಿ ಅಂದರು. ಕೊನೆಗೆ ಮೂರನ್ನೂ ನೋಡಿಬಿಡೋಣ, ಒಂದೊಂದು ಮಳೆ ನಕ್ಷತ್ರಕ್ಕೆ ಒಂದೊಂದು ಅಂತ ಮಾಡಿದೆವು. ಒಂದು ನಕ್ಷತ್ರ ಅಂದರೆ ಹೆಚ್ಚುಕಡಿಮೆ 14 ದಿನ. ಆರಿದ್ರೆಗೆ ಡೈರಿ, ಪುನರ್ವಸುವಿಗೆ ಚೌಕ, ಪುಷ್ಯಕ್ಕೆ ಫೋನು.

ಅಳೆಯುವ ಸಾಧನ ಮೂರಕ್ಕೂ ಒಂದೇ. ಎರಡು ಲೀಟರಿನ ಬಾಟಲಿಯ ಕುತ್ತಿಗೆ ಕೊಯ್ದು, ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿದೆವು. ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ. ಅದಕ್ಕೆ ಒಂದಿಷ್ಟು ಕಲ್ಲು ಹಾಕಿ, ನೇರವಾದ ಭಾಗ ಶುರುವಾಗುವ ತನಕ ನೀರು ತುಂಬಿಸಿ, ಅಲ್ಲಿಂದ ಸ್ಕೇಲ್ ಅಂಟಿಸಿದೆವು. ಮೊದಲ ದಿನ ಸೂರಿನ ಹತ್ತಿರ ಇಟ್ಟು ತಪ್ಪು ಮಾಡಿದೆವು, ಮಾಡಿನ ನೀರೂ ಸೇರಿಬಿಟ್ಟಿತು. ಆಮೇಲೆ ಅಂಗಳದ ನಡುವೆ ಇಟ್ಟೆವು. ಹವಾಮಾನ ಇಲಾಖೆ ಬೆಳಗ್ಗೆ 8:30ಕ್ಕೆ ಮಳೆ ಲೆಕ್ಕ ತೆಗೆದುಕೊಳ್ಳುತ್ತದೆ. ನಾವೂ ಅದೇ ಹೊತ್ತಿಗೆ.

ಆರಿದ್ರೆಯ ಡೈರಿ ನೋಡಲು ತುಂಬಾ ಚೆಂದ. ಬಚ್ಚಲ ಒಲೆಯ ಮೇಲೆ ಒಣಗಲು ಹಾಕಿದ ಬಟ್ಟೆಸಾಲು ಒಂದು ಪುಟದಲ್ಲಿದೆ. ಇನ್ನೊಂದರಲ್ಲಿ ಮೊಟ್ಟೆ ಹೊತ್ತು ಗೋಡೆ ಹತ್ತುವ ಇರುವೆಗಳು. ಒಂದು ದಿನ ಜಗಲಿಯಲ್ಲಿ ಕೂತು ಬಿಡಿಸುವಾಗ ಎರಚಲು ಹೊಡೆದು ಸ್ಕೆಚ್ ಪೆನ್ನಿನ ನೀಲಿ ಎಲ್ಲ ಹರಡಿತು. ಮಗಳು ಅಳುತ್ತಾಳೆ ಅಂದುಕೊಂಡೆ. ಅವಳು ಆ ಕಲೆಯ ಸುತ್ತ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ‘ಇದು ನಿಜವಾದ ಮಳೆ, ನಾನು ಬಿಡಿಸಿದ್ದಲ್ಲ’ ಅಂತ ಬರೆದಳು. ಆ ಪುಟ ನನಗೆ ಈಗಲೂ ಎಲ್ಲಕ್ಕಿಂತ ಇಷ್ಟ.

ಆದರೆ ಆರಿದ್ರೆ ಮುಗಿದ ಮೇಲೆ, ‘ಮೊದಲ ವಾರ ಜಾಸ್ತಿ ಬಂತಾ, ಎರಡನೇ ವಾರವಾ?’ ಅಂತ ಕೇಳಿದರೆ ಡೈರಿಯಲ್ಲಿ ಉತ್ತರ ಇರಲಿಲ್ಲ. ಐದು ದಿನ ಅಳತೆ ಬರೆಯುವುದೇ ಮರೆತುಹೋಗಿತ್ತು. ಮಗನಿಗಂತೂ ಖಾಲಿ ಹಾಳೆ ಕಂಡರೆ ಕೈಯೇ ಓಡುವುದಿಲ್ಲ. ‘ಎಂತ ಬಿಡಿಸಲಿ ಆಯಿ’ ಅಂತ ಹದಿನಾಲ್ಕು ದಿನವೂ ಕೇಳಿದ.

ಚೌಕದ ಪುಸ್ತಕ ಬಂದ ಮೇಲೆ ಆಟವೇ ಬದಲಾಯಿತು. ಲೆಕ್ಕವನ್ನು ಕೈಯಲ್ಲೇ ಚಿತ್ರ ಮಾಡುವುದು ಹೊಸದೇನಲ್ಲ. ನ್ಯೂಯಾರ್ಕಿನ ಜಾರ್ಜಿಯಾ ಲುಪಿ, ಲಂಡನ್ನಿನ ಸ್ಟೆಫನಿ ಪೊಸಾವೆಕ್ ಎಂಬ ಇಬ್ಬರು ವಿನ್ಯಾಸಕಾರ್ತಿಯರು 52 ವಾರ ತಮ್ಮ ದಿನಚರಿಯ ಒಂದೊಂದು ಲೆಕ್ಕವನ್ನು ಪೋಸ್ಟ್‌ಕಾರ್ಡಿನಲ್ಲಿ ಬಿಡಿಸಿ ಒಬ್ಬರಿಗೊಬ್ಬರು ಕಳಿಸಿದ್ದರು. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕಕ್ಕೆ ಗೀಟು ಹಾಕುವುದೂ ಇದೇ ಅಲ್ವಾ? ನಾವು ದಿನಕ್ಕೊಂದು ಚೌಕ ಇಟ್ಟುಕೊಂಡೆವು. ಮಳೆ ಇಲ್ಲದ ದಿನ ಬಿಳಿ. ಹೆಚ್ಚಾದಷ್ಟೂ ನೀಲಿ ದಟ್ಟ.

ಯಾವ ಬಣ್ಣ ಎಲ್ಲಿಂದ ಶುರು ಅಂತ ಮಾಡಲು ಒಂದು ಇಡೀ ಬೆಳಗ್ಗೆ ಹೋಯಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ‘ಭಾರಿ ಮಳೆ’. ಮಗ ಅದನ್ನೇ ಕಡುನೀಲಿಯ ಗಡಿ ಮಾಡಿದ. ನಾಲ್ಕನೇ ದಿನ ಬಾಟಲಿಯಲ್ಲಿ ನೀರು 64ಕ್ಕೂ 65ಕ್ಕೂ ನಡುವೆ ನಿಂತಿತು! ಮಗ ಕಡುನೀಲಿ ಅಂದ, ಮಗಳು ಅಲ್ಲ ಅಂದಳು. ಇಬ್ಬರೂ ಅಂಗಳದಲ್ಲಿ ಕೊಡೆ ಹಿಡಿದು ಕುಕ್ಕರಗಾಲಲ್ಲಿ ಕೂತು ಬಾಟಲಿಗೆ ಕಣ್ಣು ಹಚ್ಚಿದರು. ಅಂಚಿನಲ್ಲಿ ನೀರು ಸ್ವಲ್ಪ ಮೇಲೇರಿ ನಿಂತಿರುತ್ತದೆ, ನಡುವೆ ತಗ್ಗು. ಯಾವುದನ್ನು ಓದಬೇಕು? ತಗ್ಗನ್ನು ಓದಬೇಕು ಅಂತ ನಾನು ಹೇಳಿದೆ. ಅಷ್ಟು ಮಾಡಿದರೂ ಅರ್ಧ ಮಿಲಿಮೀಟರ್ ನಮ್ಮ ಸ್ಕೇಲಿಗೆ ಸಿಗಲಿಲ್ಲ. ನಮ್ಮ ಬಾಟಲಿಗೆ ಇಷ್ಟೇ ಗೊತ್ತಾಗೋದು ಅಂತ ಇಬ್ಬರೂ ಒಪ್ಪಿ, ಆ ಚೌಕವನ್ನು ಕರ್ಣದ ಮೇಲೆ ಸೀಳಿ ಎರಡೂ ಬಣ್ಣ ಹಚ್ಚಿದರು. ಅಳತೆಯ ಮಿತಿ ಅನ್ನುವ ಪಾಠವನ್ನು ನಾನು ಕಲಿಸಬೇಕಾಗಿ ಬರಲಿಲ್ಲ.

ಇದೇ ಪುಸ್ತಕವನ್ನು ನಮ್ಮ ಮಾವನೂ ದಿನಾ ನೋಡತೊಡಗಿದರು. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಮದ್ದು ಹೊಡೆಯುವ ಹೊತ್ತು ಅದು. ಮೊದಲ ಸಲ ಹೊಡೆದ 40–45 ದಿನಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಮತ್ತೆ ಹೊಡೆಯಬೇಕು, ಆದರೆ ಮಳೆ ಬಿಟ್ಟು ಹೊಳವು ಸಿಗಬೇಕಲ್ಲ. ಬಿಳಿ ಚೌಕ ಎಲ್ಲೆಲ್ಲಿ ಬಂದಿದೆ ಅಂತ ಬೆರಳಿಟ್ಟು ನೋಡುತ್ತಿದ್ದರು. ಒಂದು ದಿನ ಮಗಳನ್ನು ಕರೆದು, ‘ಕೊಟ್ಟಿಗೆ ಮಾಡಿಗೆ ಇವತ್ತು ಎಷ್ಟು ನೀರು ಬಿದ್ದಿದ್ದು ಹೇಳು’ ಅಂದರು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ಕೊಟ್ಟಿಗೆ ಉದ್ದ ಆರು ಮೀಟರ್, ಅಗಲ ನಾಲ್ಕು. ಅವತ್ತು 40 ಮಿ.ಮೀ. ಗುಣಿಸಿದರೆ 960 ಲೀಟರ್! ಮಗ ಓಡಿಹೋಗಿ ಹಿತ್ತಿಲ ಡ್ರಮ್ ಎಷ್ಟು ಹಿಡಿಯುತ್ತೆ ಅಂತ ಕೇಳಿಕೊಂಡು ಬಂದ. 200. ಸುಮಾರು ಐದು ಡ್ರಮ್ ನೀರು ಸುಮ್ನೆ ಹರಿದುಹೋಗಿದೆ ಅಂತ ಅವನಿಗೆ ಇನ್ನಿಲ್ಲದ ಬೇಸರ.

ಪುಷ್ಯದ ಫೋನು ವೇಗದಲ್ಲಿ ಮುಂದೆ. ಸಂಖ್ಯೆ ಹಾಕಿದ ತಕ್ಷಣ ಮೊತ್ತ, ಸರಾಸರಿ, ಗ್ರಾಫ್ ಎಲ್ಲ ತಯಾರು. ತಪ್ಪೂ ಅಷ್ಟೇ ಬೇಗ ಬೆರೆತುಹೋಗುತ್ತದೆ. ಮಗಳು ಒಂದು ದಿನ 31 ಒತ್ತುವ ಬದಲು 310 ಒತ್ತಿದ್ದಳು. 386 ಇರಬೇಕಾದ ಮೊತ್ತ 665 ಆಯಿತು. ಗ್ರಾಫಿನಲ್ಲಿ ಒಂದು ಕಂಬ ಆಕಾಶಕ್ಕೆ, ಉಳಿದವೆಲ್ಲ ಮೊಳಕೆಯಷ್ಟು. ಫೋನೇ ತೋರಿಸಿದ್ದು ಅಂತ ಅವಳು ನಂಬಿಬಿಟ್ಟಿದ್ದಳು. ಮಗ ನೋಡಿ, ‘ನಮ್ಮ ಬಾಟಲಿಯೇ ಅಷ್ಟು ಎತ್ತರ ಇಲ್ಲವಲ್ಲ’ ಅಂದ ಮೇಲೆ ಸರಿಮಾಡಿದಳು. ಸರಾಸರಿ 27 ಚಿಲ್ಲರೆ ಬಂತು. ಅಷ್ಟು ಮಳೆ ಬಿದ್ದ ದಿನ ಒಂದೂ ಇರಲಿಲ್ಲ. ಸರಾಸರಿ ಅಂದರೆ ಏನು ಅಂತ ಮಾತಾಡಲು ಅದೊಂದು ಒಳ್ಳೆ ದಾರಿಯಾಯಿತು, ಅದನ್ನು ಒಪ್ಪುತ್ತೇನೆ.

ಫೋನಿಗೆ ಮಾತ್ರ ಸಾಧ್ಯವಾದದ್ದು ಇನ್ನೊಂದಿದೆ. ಬೆಂಗಳೂರಿನಲ್ಲಿ ಮಕ್ಕಳ ಚಿಕ್ಕಪ್ಪನ ಮನೆಯ ತಾರಸಿಯಲ್ಲೂ ಬಾಟಲಿ ಇಡಿಸಿ, ಅದೇ ಶೀಟಿನಲ್ಲಿ ಅವರ ಮಗನಿಂದ ತುಂಬಿಸಿದೆವು. ಅಲ್ಲಿ ಇಡೀ ಪುಷ್ಯಕ್ಕೆ ಬಿದ್ದದ್ದು 41 ಮಿ.ಮೀ. ಮಕ್ಕಳು ಅರ್ಧ ಗಂಟೆ ಫೋನಿನಲ್ಲಿ ಘಟ್ಟ, ಮೋಡ, ಗಾಳಿ ಅಂತ ಮಾತಾಡಿದರು. ಆದರೆ ಇಲ್ಲಿ ಮಳೆ ಜೋರಾದರೆ ಕರೆಂಟ್ ಹೋಗುತ್ತದೆ, ಸಿಗ್ನಲ್ ಹೋಗುತ್ತದೆ. ಮಳೆ ಜಾಸ್ತಿ ಬಂದ ದಿನವೇ ಲೆಕ್ಕ ತಪ್ಪುವುದು ನನಗೆ ಸರಿಹೋಗಲಿಲ್ಲ.

ಮನೆಕಲಿಕೆ ಶುರುಮಾಡುವವರಿಗೆ ಒಂದು ಮಾತು ಹೇಳಲೇಬೇಕು. ಹೋದ ವರ್ಷ ನಾವು ಓದಿದ ಗಂಟೆ, ಹಲ್ಲುಜ್ಜಿದ್ದು, ಸಿಟ್ಟು ಬಂದದ್ದು ಎಲ್ಲಕ್ಕೂ ಪಟ್ಟಿ ಮಾಡಿ ಸ್ಟಿಕರ್ ಅಂಟಿಸುತ್ತಿದ್ದೆವು. ಮೂರೇ ವಾರದಲ್ಲಿ ಮಗ ಸ್ಟಿಕರಿಗಾಗಿ ಪುಸ್ತಕ ಹಿಡಿದು ಕೂರತೊಡಗಿದ. ಪಟ್ಟಿ ಹರಿದುಹಾಕಿದೆ. ಮಗುವನ್ನು ಲೆಕ್ಕ ಹಾಕಬೇಡಿ, ಮಗುವಿನ ಕೈಗೆ ಲೆಕ್ಕ ಕೊಡಿ. ಇದರಿಂದ ಪರೀಕ್ಷೆ ಪಾಸಾಗುತ್ತಾರಾ ಅಂತ ನೆಂಟರು ಕೇಳುತ್ತಾರೆ. ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನ ಹತ್ತನೇ ತರಗತಿಗೆ ಸೇರಲು 14 ತುಂಬಿರಬೇಕು. ಮಗಳಿಗೆ ಇನ್ನೂ ನಾಲ್ಕು ವರ್ಷ ಸಮಯ ಇದೆ.

ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಚೌಕದ ಪುಸ್ತಕವನ್ನೇ ಇಟ್ಟುಕೊಳ್ಳುತ್ತೇನೆ. ಅಳತೆ ತಪ್ಪುವುದಿಲ್ಲ, ಬಣ್ಣವೂ ಇದೆ, ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರಿಗೂ ಓದಲು ಬರುತ್ತದೆ. ಚಿತ್ರ ಬಿಡಿಸುವುದೇ ಜೀವ ಅನ್ನುವ ಮಗುವಿಗೆ ಡೈರಿ ತಪ್ಪಿಸಬೇಡಿ, ಪುಟದ ಮೂಲೆಯಲ್ಲಿ ಅಳತೆಗೊಂದು ಚೌಕ ಗೀಚಿಕೊಟ್ಟರೆ ಸಾಕು. ಆಶ್ಲೇಷದಿಂದ ನಮ್ಮ ಮಗಳು ಮಾಡುತ್ತಿರುವುದು ಅದನ್ನೇ. ಫೋನು ಭಾನುವಾರ ಮಾತ್ರ, ಬೆಂಗಳೂರಿನ ಲೆಕ್ಕದ ಜೊತೆ ಕೂಡಿಸಲು.

ಈಗ ಮಘೆ. ಮಗಳು ಇನ್ನೊಂದು ಬಾಟಲಿ ಕೊಯ್ದು ತೋಟದಲ್ಲಿ ಅಡಿಕೆ ಮರಗಳ ಕೆಳಗೂ ಇಟ್ಟಿದ್ದಾಳೆ. ನಿನ್ನೆ ಅಂಗಳದ ಬಾಟಲಿಯಲ್ಲಿ 22, ತೋಟದ್ದರಲ್ಲಿ 15. ಉಳಿದ ಏಳು ಎಲ್ಲಿ ಹೋಯಿತು ಅಂತ ಮಕ್ಕಳಿಬ್ಬರೂ ಬೆಳಗ್ಗೆಯಿಂದ ಮರದ ಬುಡ ಮುಟ್ಟಿ ನೋಡುತ್ತಿದ್ದಾರೆ.